ದುಡ್ಡು ನಿಮ್ಮದಾದರೆ ಪ್ರಕಾಶಕರು ಯಾರು?

ಪ್ರಶ್ನೆ: ಸರ್, ನಾನು ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಯಸ್ಸು 41. ಹತ್ತು ವರ್ಷದಿಂದ ಕತೆ ಬರೆಯುತ್ತಿದ್ದೇನೆ. ಒಟ್ಟು 14 ಕತೆಗಳಿವೆ, ಅದರಲ್ಲಿ ನಾಲ್ಕು ಪತ್ರಿಕೆಗಳಲ್ಲಿ ಬಂದಿವೆ. ಈಗ ಬೆಂಗಳೂರಿನ ಒಬ್ಬ ಪ್ರಕಾಶಕರು ಸಂಕಲನ ತರಲು ಒಪ್ಪಿದ್ದಾರೆ. 160 ಪುಟ, 500 ಪ್ರತಿ, ಮುಖಬೆಲೆ 200 ರೂಪಾಯಿ. ಅದಕ್ಕೆ ನಾನು 60,000 ರೂಪಾಯಿ ಕೊಡಬೇಕು. ನನಗೆ 100 ಪ್ರತಿ ಕೊಡುತ್ತಾರಂತೆ. ದೊಡ್ಡ ಸಾಹಿತಿಗಳಿಂದ ಮುನ್ನುಡಿ ಬರೆಸುತ್ತೇವೆ, ಗ್ರಂಥಾಲಯಕ್ಕೆ ಹಾಕಿಸುತ್ತೇವೆ, ಪ್ರಶಸ್ತಿಗೂ ಪ್ರಯತ್ನ ಮಾಡೋಣ ಎಂದಿದ್ದಾರೆ. ಒಂದು ಪುಟದ ಒಪ್ಪಂದ ಕಳಿಸಿದ್ದಾರೆ. ಅದರಲ್ಲಿ 'ಕೃತಿಯ ಸಕಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರದು' ಎಂದಿದೆ. ದುಡ್ಡು ಕೊಟ್ಟು ಪುಸ್ತಕ ಮಾಡಿಸಿಕೊಳ್ಳುವುದು ಮರ್ಯಾದೆಯಲ್ಲ ಅಂತ ನಮ್ಮ ಮನೆಯವರು ಹೇಳುತ್ತಾರೆ. ಏನು ಮಾಡಲಿ? ಒಂದು ಕತೆಯನ್ನೂ ಜೊತೆಗಿಟ್ಟಿದ್ದೇನೆ, ಸಮಯವಾದರೆ ನೋಡಿ.

ಉತ್ತರ: ಮೇಡಂ, ನಮಸ್ಕಾರ.

ಮೊದಲು ಮನೆಯವರ ಮಾತಿನಿಂದ ಶುರು ಮಾಡೋಣ. ಕೈಯಿಂದ ದುಡ್ಡು ಹಾಕಿ ಪುಸ್ತಕ ತರುವುದು ಮರ್ಯಾದೆಗೇಡು ಅನ್ನುವುದಾದರೆ ಕನ್ನಡದ ಅರ್ಧ ಚರಿತ್ರೆಯನ್ನೇ ಮರ್ಯಾದೆಗೇಡು ಅನ್ನಬೇಕಾಗುತ್ತದೆ. ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟವನ್ನೇ ಇಟ್ಟರು. ಹರ್ಷ ಪ್ರಕಟಣಾಲಯ ಅಂತ ಅವರ ಎಷ್ಟೋ ಪುಸ್ತಕಗಳ ಮೇಲಿದೆ. ಕುವೆಂಪು ಅವರ ಎಷ್ಟೋ ಪುಸ್ತಕಗಳು ಬಂದದ್ದು ಅವರ ಮನೆಯ ಹೆಸರಿನದೇ ಆದ ಉದಯರವಿ ಪ್ರಕಾಶನದಿಂದ. ನಮ್ಮ ಕಾಲಕ್ಕೆ ಬಂದರೆ ವಸುಧೇಂದ್ರ ಅವರು ಛಂದ ಪುಸ್ತಕ ಅನ್ನುವ ಪ್ರಕಾಶನ ಕಟ್ಟಿ ತಮ್ಮ ಪುಸ್ತಕಗಳನ್ನೂ ಬೇರೆಯವರ ಪುಸ್ತಕಗಳನ್ನೂ ತರುತ್ತಿದ್ದಾರೆ. ಇವರನ್ನೆಲ್ಲ ಯಾರೂ ದುಡ್ಡು ಕೊಟ್ಟು ಲೇಖಕರಾದವರು ಅನ್ನಲಿಲ್ಲ.

ಹಾಗಂತ ನಿಮ್ಮ ಪ್ರಕಾಶಕರಿಗೆ ದುಡ್ಡು ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಮೇಲಿನವರಿಗೂ ನಿಮಗೆ ಬಂದಿರುವ ಒಪ್ಪಂದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರು ದುಡ್ಡು ಹಾಕಿದರು, ಪುಸ್ತಕ ಅವರದಾಗಿಯೇ ಉಳಿಯಿತು. ಮಾರಿ ಬಂದದ್ದು ಅವರದು, ಮಾರದೆ ಉಳಿದ ಕಟ್ಟುಗಳೂ ಅವರವೇ. ನಿಮ್ಮ ವಿಷಯದಲ್ಲಿ ದುಡ್ಡು ಮಾತ್ರ ನಿಮ್ಮದು. ಉಳಿದದ್ದೆಲ್ಲ ಅವರದು.

ಪ್ರಕಾಶಕ ಅಂದರೆ ಯಾರು? ನನ್ನ ಲೆಕ್ಕದಲ್ಲಿ, ಪುಸ್ತಕ ಮಾರದೇ ಹೋದರೆ ಯಾರ ಜೇಬು ಖಾಲಿಯಾಗುತ್ತದೋ ಅವರೇ ಪ್ರಕಾಶಕರು. ಮುದ್ರಣಾಲಯದ ವಿಳಾಸ ಗೊತ್ತಿರುವುದು, ಮುಖಪುಟದ ಮೂಲೆಯಲ್ಲಿ ಒಂದು ಲಾಂಛನ ಹಾಕುವುದು, ಇವು ಪ್ರಕಾಶನದ ಕೆಲಸದಲ್ಲಿ ಸಣ್ಣ ಭಾಗ. ದೊಡ್ಡ ಭಾಗ ನಷ್ಟಕ್ಕೆ ಎದೆ ಕೊಡುವುದು. ಈ ಅಳತೆಗೋಲು ಹಿಡಿದು ನಿಮ್ಮ ಒಪ್ಪಂದ ನೋಡೋಣ. ಸ್ವಲ್ಪ ಲೆಕ್ಕ ಮಾಡಬೇಕು, ಬೇಜಾರು ಮಾಡಿಕೊಳ್ಳಬೇಡಿ.

160 ಪುಟ ಅಂದರೆ ಡೆಮಿ 1/8 ಅಳತೆಯಲ್ಲಿ 16 ಪುಟದ ಹತ್ತು ಫಾರಂ, ಅಂದರೆ ಅಚ್ಚು ಹಾಕಿ ಮಡಚುವ ದೊಡ್ಡ ಹಾಳೆ. ಒಂದು ಪ್ರತಿಗೆ ಕಾಗದ, ಮುದ್ರಣ, ಬೈಂಡಿಂಗ್, ಮುಖಪುಟದ ಲ್ಯಾಮಿನೇಷನ್ ಎಲ್ಲ ಸೇರಿ 80 ರೂಪಾಯಿ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಅಂತ ಹೇಳುತ್ತಿರುವ ಅಂಕಿ. ನಿಮ್ಮ ಜಿಲ್ಲೆಯ ಯಾವುದಾದರೂ ಆಫ್‌ಸೆಟ್ ಪ್ರೆಸ್ಸಿಗೆ ಫೋನ್ ಮಾಡಿ, ಅವತ್ತಿನ ಕಾಗದದ ದರಕ್ಕೆ ಸರಿಯಾದ ಅಂಕಿ ಹೇಳುತ್ತಾರೆ. 500 ಪ್ರತಿಗೆ 40,000 ಆಯಿತು. ಪುಟ ವಿನ್ಯಾಸ, ಕರಡು ತಿದ್ದುವುದು, ಮುಖಪುಟ ಇವಕ್ಕೆ 12,000 ಇರಲಿ. ಒಟ್ಟು 52,000. ನೀವು ಕೊಡುವುದು 60,000. ಅಂದರೆ ಒಂದೇ ಒಂದು ಪುಸ್ತಕ ಮಾರುವ ಮೊದಲೇ ಅವರ ಖರ್ಚು ಬಂದು, ಮೇಲೆ 8,000 ಉಳಿಯಿತು.

ನಿಮಗೆ 100 ಪ್ರತಿ ಕೊಟ್ಟ ಮೇಲೆ ಅವರ ಹತ್ತಿರ 400 ಉಳಿಯುತ್ತವೆ. ಅಂಗಡಿಯವರಿಗೆ ಮುಖಬೆಲೆಯಲ್ಲಿ 35 ಪರ್ಸೆಂಟ್ ಬಿಟ್ಟರೂ ಪ್ರತಿಗೆ 130 ರೂಪಾಯಿ ಕೈಗೆ ಬರುತ್ತದೆ. ಎಲ್ಲ ಮಾರಿದರೆ 52,000 ಲಾಭ. ಮಾರದಿದ್ದರೆ? ನಷ್ಟ ಏನೂ ಇಲ್ಲ. ಗೋಡೌನಿನ ಮೂಲೆಯಲ್ಲಿ ಇಲಿ ತಿನ್ನುವುದು ನಿಮ್ಮ ದುಡ್ಡಿನ ಪುಸ್ತಕವನ್ನು. ಹೀಗಿರುವಾಗ ಅವರು ಕಷ್ಟಪಟ್ಟು ಯಾಕೆ ಮಾರುತ್ತಾರೆ? ಅವರನ್ನು ಕೆಟ್ಟವರು ಅಂತ ಹೇಳುತ್ತಿಲ್ಲ. ಮಾರಲೇಬೇಕು ಅನ್ನುವ ಒತ್ತಡವೇ ಈ ವ್ಯವಹಾರದಲ್ಲಿ ಇಲ್ಲ.

ಪ್ರಕಾಶಕರ ಕಡೆಯ ಮಾತನ್ನೂ ಹೇಳಬೇಕು, ಯಾಕೆಂದರೆ ನಾನೂ ಒಂದು ಸಣ್ಣ ಪ್ರಕಾಶನ ನಡೆಸಿದವನು. ಲೇಖಕರಿಂದ ಕಾಸೂ ತೆಗೆದುಕೊಳ್ಳದೆ ಇದೇ ಪುಸ್ತಕ ಮಾಡಿದರೆ ಏನಾಗುತ್ತದೆ? ಪ್ರತಿಗೆ ಬರುವ 130ರಲ್ಲಿ ಮುದ್ರಣಕ್ಕೆ 80, ಲೇಖಕರಿಗೆ 10 ಪರ್ಸೆಂಟ್ ಗೌರವಧನ ಅಂತ 20. ಉಳಿಯುವುದು 30. ಐದುನೂರೂ ಮಾರಿದರೆ 15,000. ಅದರಲ್ಲಿ ಆಗಲೇ ಹೇಳಿದ 12,000 ಕಳೆಯಿರಿ. ಮೂರು ಸಾವಿರ ಉಳಿಯಿತು. ವಿಮರ್ಶೆಗೆ ಅಂತ ಪತ್ರಿಕೆಗಳಿಗೆ ಕಳಿಸಿದ ಪ್ರತಿ, ಗೌರವ ಪ್ರತಿ, ಕೊರಿಯರ್ ಖರ್ಚು ಹಿಡಿದರೆ ಅದೂ ಇಲ್ಲ. ಹೊಸ ಕತೆಗಾರರ 500 ಪ್ರತಿ ಮಾರಲು ಎರಡು ಮೂರು ವರ್ಷ ಬೇಕಾಗಬಹುದು. ಹಾಗಾಗಿ ದುಡ್ಡು ಕೇಳುವವರೆಲ್ಲ ಕಳ್ಳರಲ್ಲ. ಎಷ್ಟೋ ಜನ ಒಳ್ಳೆಯ ಪ್ರಕಾಶಕರೂ 'ಅರ್ಧ ನೀವು ಹಾಕಿ, ಅರ್ಧ ನಾವು ಹಾಕುತ್ತೇವೆ' ಅನ್ನುವುದುಂಟು. ಅದು ಪಾಲುದಾರಿಕೆ. ಪಾಲು ಅಂದ ಮೇಲೆ ಬಂದದ್ದರಲ್ಲೂ ಪಾಲಿರಬೇಕು, ಅಲ್ವಾ? ನಿಮ್ಮ ಒಪ್ಪಂದದಲ್ಲಿ ಗೌರವಧನದ ಸುದ್ದಿಯೇ ಇಲ್ಲ.

ಈಗ ಆ 'ಸಕಲ ಹಕ್ಕುಗಳೂ ಶಾಶ್ವತವಾಗಿ' ಅನ್ನುವ ಸಾಲು. 60,000ಕ್ಕಿಂತ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇದು. ದುಡ್ಡು ಹೋದರೆ ಮತ್ತೆ ದುಡಿಯಬಹುದು.

ನನ್ನದೇ ಕತೆ ಹೇಳುತ್ತೇನೆ. 2003ರಲ್ಲಿ ನನ್ನ ಮೊದಲ ಪ್ರಬಂಧ ಸಂಕಲನ ಬಂತು. ಪ್ರಕಾಶಕರ ಹೆಸರು ಬೇಡ. ನಾನೂ ದುಡ್ಡು ಕೊಟ್ಟಿದ್ದೆ, ನಾನೂ ಒಂದು ಹಾಳೆಗೆ ಸಹಿ ಹಾಕಿದ್ದೆ. ಓದಿ ನೋಡಲಿಲ್ಲ, ಪುಸ್ತಕ ಬರುತ್ತಿದೆ ಅನ್ನುವ ಖುಷಿ. ಆರು ವರ್ಷ ಆದ ಮೇಲೆ ಒಂದು ಪದವಿ ತರಗತಿಯ ಪಠ್ಯಕ್ಕೆ ನನ್ನ ಒಂದು ಪ್ರಬಂಧ ಸೇರಿಸಿಕೊಳ್ಳುತ್ತೇವೆ, ಒಪ್ಪಿಗೆ ಕೊಡಿ ಅಂತ ಕಾಗದ ಬಂತು. ಸಂತೋಷದಿಂದ ಒಪ್ಪಿಗೆ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಪ್ರಕಾಶಕರ ಫೋನು. 'ನೀವು ಹೇಗೆ ಒಪ್ಪಿಗೆ ಕೊಟ್ಟಿರಿ? ಹಕ್ಕು ನಮ್ಮದು.' ನನ್ನ ಅಜ್ಜನ ಬಗ್ಗೆ ನಾನು ಬರೆದ ಪ್ರಬಂಧ ಅದು! ಹಾಳೆ ಹುಡುಕಿ ತೆಗೆದು ನೋಡಿದರೆ ಅವರು ಹೇಳಿದ್ದು ನಿಜ. 'ಎಲ್ಲ ಹಕ್ಕುಗಳೂ ಪ್ರಕಾಶಕರದು' ಎಂದೇ ಇತ್ತು.

ಆಗ ಒಬ್ಬ ವಕೀಲ ಗೆಳೆಯರು ಕೃತಿಸ್ವಾಮ್ಯ ಕಾಯಿದೆ, ಅಂದರೆ ಕಾಪಿರೈಟ್ ಕಾಯಿದೆ ಓದಿಸಿದರು. 1957ರ ಕಾಯಿದೆ. ಅದರ 19ನೇ ಕಲಮನ್ನು ಬರೆಯುವವರೆಲ್ಲ ಒಮ್ಮೆಯಾದರೂ ಓದಬೇಕು. ಹಕ್ಕು ಬಿಟ್ಟುಕೊಡುವುದು ಬಾಯಿಮಾತಲ್ಲಿ ಆಗುವುದಿಲ್ಲ, ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಪ್ರತಿಯಾಗಿ ಲೇಖಕರಿಗೆ ಏನು ಸಿಗುತ್ತದೆ ಅನ್ನುವುದೆಲ್ಲ ಅದರಲ್ಲಿ ಬರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದೇ ಬಿಟ್ಟಿದ್ದರೆ ಐದು ವರ್ಷ ಅಂತಲೇ ಹಿಡಿಯಬೇಕು. ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ. ಹಕ್ಕು ಬರೆಸಿಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದೇ ಸುಮ್ನೆ ಕೂತರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ನನ್ನ ಹಾಳೆಯಲ್ಲಿ ಕಾಲ ಬರೆದಿರಲಿಲ್ಲ. 2008ಕ್ಕೇ ಐದು ವರ್ಷ ಮುಗಿದಿತ್ತು. ಪ್ರಕಾಶಕರು ಅಷ್ಟು ಎಚ್ಚರದಿಂದ ಬರೆದಿರಲಿಲ್ಲ ಅನ್ನುವುದೇ ನನ್ನನ್ನು ಉಳಿಸಿತು.

ನಿಮ್ಮವರು ಎಚ್ಚರದಿಂದ ಬರೆದಿದ್ದಾರೆ. 'ಶಾಶ್ವತವಾಗಿ' ಎಂದು ಸೇರಿಸಿದ್ದಾರೆ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಕುವೆಂಪು 1994ರಲ್ಲಿ ತೀರಿಕೊಂಡರು, ಅವರ ಬರಹದ ಹಕ್ಕು 2054ರ ಕೊನೆಯವರೆಗೂ ಜೀವಂತ. ನಿಮ್ಮ ಕತೆಗಳಿಗೂ ಇದೇ ನಿಯಮ. ನೀವು ಸಹಿ ಹಾಕಿದರೆ ನಿಮ್ಮ ಮೊಮ್ಮಕ್ಕಳು ಅಜ್ಜಿಯ ಕತೆಯನ್ನು ಮತ್ತೆ ಅಚ್ಚು ಹಾಕಿಸಲು ಯಾರದೋ ಒಪ್ಪಿಗೆ ಕೇಳಬೇಕು.

'ನನ್ನ ಕತೆಗಳಿಗೆ ಅಷ್ಟೆಲ್ಲ ಬೆಲೆ ಎಲ್ಲಿ ಬರುತ್ತೆ ಸರ್' ಅಂತ ನಿಮಗೆ ಅನ್ನಿಸಬಹುದು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯ ದಾರಿ ನೋಡಿ. ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು 'ಹಸೀನಾ' ಸಿನಿಮಾ ಮಾಡಿದರು. ತಾರಾ ಅವರಿಗೆ ಅದರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ ಅದೇ ಕತೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಪುಸ್ತಕದ ಹನ್ನೆರಡು ಕತೆಗಳಲ್ಲಿ ಒಂದಾಗಿ ಹೊರಬಂತು. 2025ರ ಮೇ ತಿಂಗಳಲ್ಲಿ ಆ ಪುಸ್ತಕಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು ನಿಮಗೂ ಗೊತ್ತು. 50,000 ಪೌಂಡ್ ಬಹುಮಾನ, ಲೇಖಕಿಗೂ ಅನುವಾದಕಿಗೂ ಸಮಪಾಲು. ಒಂದು ಸಣ್ಣ ಕತೆಯ ಒಳಗೆ ಸಿನಿಮಾ ಹಕ್ಕು, ಅನುವಾದದ ಹಕ್ಕು, ನಾಟಕದ ಹಕ್ಕು, ಪಠ್ಯದ ಹಕ್ಕು, ಈಗಿನ ಆಡಿಯೋ ಪುಸ್ತಕ, ಇ-ಪುಸ್ತಕದ ಹಕ್ಕು ಎಲ್ಲ ಬೇರೆ ಬೇರೆಯಾಗಿ ಮಲಗಿರುತ್ತವೆ. ಯಾವುದು ಯಾವಾಗ ಏಳುತ್ತದೆ ಅಂತ ಯಾರೂ ಹೇಳಲಾಗದು. ಎಲ್ಲರಿಗೂ ಬೂಕರ್ ಬರುವುದಿಲ್ಲ, ನಿಜ. ನನಗೆ ಬಂದದ್ದು ಒಂದು ಪಠ್ಯಪುಸ್ತಕದ ಕಾಗದ. ಅದಕ್ಕೇ ಅಷ್ಟು ಒದ್ದಾಡಿದೆ.

ಆ ಸಾಲನ್ನು ಹೇಗೆ ತಿದ್ದಿಸಬೇಕು? 'ಕನ್ನಡದಲ್ಲಿ, ಮುದ್ರಿತ ಪುಸ್ತಕವಾಗಿ, ಮೊದಲ ಮುದ್ರಣದ 500 ಪ್ರತಿಗಳಿಗೆ, ಮೂರು ವರ್ಷದ ಮಟ್ಟಿಗೆ ಪ್ರಕಟಿಸಲು ಅನುಮತಿ. ಉಳಿದ ಎಲ್ಲ ಹಕ್ಕುಗಳೂ ಲೇಖಕಿಯವು.' ಇಷ್ಟು ಸಾಕು. ಇದಕ್ಕೆ ಒಪ್ಪದವರು ನಿಮ್ಮ ಪುಸ್ತಕವನ್ನು ತರುವುದೂ ಬೇಡ. ಕೃತಿಸ್ವಾಮ್ಯ ನೋಂದಾಯಿಸಿದರೆ ಮಾತ್ರ ಹಕ್ಕು ಸಿಗುತ್ತದೆ ಅಂತ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಬರೆದ ಕ್ಷಣದಿಂದಲೇ ಅದು ನಿಮ್ಮದು. ಐಎಸ್‌ಬಿಎನ್‌ಗೆ ಅಂತ ಎರಡು ಮೂರು ಸಾವಿರ ಬಿಲ್ಲು ಹಾಕುವವರೂ ಇದ್ದಾರೆ. ಪುಸ್ತಕವನ್ನು ಗುರುತಿಸುವ ಆ 13 ಅಂಕಿಯ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತದೆ. ಲೇಖಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಇನ್ನು ಅವರು ತೋರಿಸಿದ ಮೂರು ಆಸೆಗಳು.

ಗ್ರಂಥಾಲಯಕ್ಕೆ ಹಾಕಿಸುತ್ತೇವೆ ಅನ್ನುವುದರ ಅರ್ಥ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಯನ್ನು ಇಲಾಖೆ ಒಟ್ಟಿಗೆ ಕೊಳ್ಳುತ್ತದೆ. ಬೆಲೆ ಪುಟಕ್ಕೆ ಇಷ್ಟು ಅಂತ ನಿಗದಿ. ಕನ್ನಡದ ಸಣ್ಣ ಪ್ರಕಾಶಕರಲ್ಲಿ ಬಹಳ ಜನ ಉಸಿರಾಡುವುದೇ ಇದರಿಂದ. ಆದರೆ ಆಯ್ಕೆಗೆ ಸಮಿತಿ ಇದೆ, ಯಾರೂ ಮೊದಲೇ ಖಾತ್ರಿ ಕೊಡಲಾರರು. ಒಂದು ಪಕ್ಷ ಆಯ್ಕೆಯಾಯಿತು ಅಂತಿಟ್ಟುಕೊಳ್ಳಿ. ನಿಮ್ಮ ದುಡ್ಡಿನಲ್ಲಿ ಅಚ್ಚಾದ ಪ್ರತಿಗಳಿಗೆ ಬಂದ ಹಣ ಯಾರಿಗೆ? ಒಪ್ಪಂದದಲ್ಲಿ ಅದನ್ನು ಬರೆಸಿ. ಇದನ್ನು ಕೇಳಿದಾಗ ಅವರ ಮುಖ ಹೇಗಾಗುತ್ತದೆ ನೋಡಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ.

ಪ್ರಶಸ್ತಿಯ ಮಾತು ಬಂದ ಕೂಡಲೇ ನಾನಾದರೆ ಎದ್ದು ಬರುತ್ತಿದ್ದೆ. ಪುಸ್ತಕ ಬಂದ ಮೇಲೆ ಬಹುಮಾನಗಳಿಗೆ ಕಳಿಸುವುದು ಪೋಸ್ಟಾಫೀಸಿನ ಕೆಲಸ, ಯಾರು ಬೇಕಾದರೂ ಮಾಡಬಹುದು. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಮಧುರಚೆನ್ನ ದತ್ತಿ ಬಹುಮಾನ ಇರುವುದೇ ಲೇಖಕರ ಮೊದಲ ಕೃತಿಗೆ. ಪ್ರಕಟಣೆ ಬಂದಾಗ ನೀವೇ ಪ್ರತಿಗಳನ್ನು ಕಳಿಸಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35 ದಾಟಿರಬಾರದು. ನೀವು ದಾಟಿದ್ದೀರಿ, ನಾನಂತೂ ಯಾವಾಗಲೋ ದಾಟಿದೆ, ಬಿಡಿ.

ಮುನ್ನುಡಿ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರಿನ ಅಭಿಪ್ರಾಯ. ಹೊಸಬರ ಪುಸ್ತಕಕ್ಕೆ ಹಿರಿಯರೊಬ್ಬರ ಮುನ್ನುಡಿ, ಇನ್ನೊಬ್ಬರ ಬೆನ್ನುಡಿ, ಲೇಖಕರದೇ ನಾಲ್ಕು ಪುಟ ಕೃತಜ್ಞತೆ, ಪ್ರಕಾಶಕರ ಎರಡು ಮಾತು. ಓದುಗರು ಮೊದಲ ಕತೆಗೆ ಬರುವಷ್ಟರಲ್ಲಿ ಇಪ್ಪತ್ತು ಪುಟ. ಆ ಹಿರಿಯರೋ ತಿಂಗಳಿಗೆ ಐದಾರು ಮುನ್ನುಡಿ ಬರೆಯಬೇಕು, ಪಾಪ. ಎಲ್ಲ ಕತೆ ಓದಲು ಅವರಿಗೆ ಪುರುಸೊತ್ತೆಲ್ಲಿ? ಮದುವೆಯ ಮನೆಯಲ್ಲಿ ಗಣ್ಯರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಹಾಗೆ ಅದು. ನಿಮಗೆ ಬೇಕಾದದ್ದು ಪುಸ್ತಕ ಬಂದ ಮೇಲೆ ಹೊಗಳುವವರಲ್ಲ. ಬರುವ ಮೊದಲು 'ಈ ಕತೆ ಬೇಡ, ಆ ಪ್ಯಾರಾ ತೆಗೀರಿ' ಅನ್ನುವವರು. ಕನ್ನಡ ಪ್ರಕಾಶನದಲ್ಲಿ ತೀರಾ ಕಡಿಮೆ ಇರುವುದು ಅಂಥವರೇ. ಕರಡು ತಿದ್ದುವವರು ಸಿಗುತ್ತಾರೆ, ಕತೆ ತಿದ್ದುವವರು ಸಿಗುವುದಿಲ್ಲ. ಹಸ್ತಪ್ರತಿ ಓದಿ ನಿಮ್ಮ ಪ್ರಕಾಶಕರು ಏನಾದರೂ ಹೇಳಿದರೇ? ಪತ್ರದಲ್ಲಿ ನೀವು ಅದನ್ನು ಬರೆದೇ ಇಲ್ಲ. ಅವರು ಓದಿರಲಿಕ್ಕಿಲ್ಲ ಅಂತ ನನ್ನ ಗುಮಾನಿ.

ಧಾರವಾಡದ ಮನೋಹರ ಗ್ರಂಥಮಾಲೆ ನೆನಪಾಗುತ್ತದೆ. 1933ರಲ್ಲಿ ಜಿ.ಬಿ. ಜೋಶಿ ಅವರು ಕಟ್ಟಿದ್ದು. ಅಲ್ಲಿ ಹಸ್ತಪ್ರತಿ ಓದಿ ಅಭಿಪ್ರಾಯ ಹೇಳಲು ಕೀರ್ತಿನಾಥ ಕುರ್ತಕೋಟಿ ಅಂಥವರು ಇದ್ದರು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಬಂತು, ಕಾರ್ನಾಡರಿಗೆ ಆಗ ಇನ್ನೂ 23 ವರ್ಷ. ಸುಭಾಸ ರೋಡಿನ ಅವರ 'ಅಟ್ಟ'ದ ಮೇಲೆ ನಡೆದ ಹರಟೆಯೇ ಒಂದು ದೊಡ್ಡ ಸಂಪಾದಕ ಮಂಡಳಿ. ದುಡ್ಡಿನ ಪ್ರಶ್ನೆಗೂ ಅವರು ಕಂಡುಕೊಂಡ ದಾರಿ ಚೆಂದ. ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ಪುಸ್ತಕಗಳು ಬಂದ ಹಾಗೆ ಮನೆಗೆ ತಲುಪುತ್ತಿದ್ದವು. ನಷ್ಟದ ಭಾರ ಲೇಖಕರ ಮೇಲೂ ಬೀಳಲಿಲ್ಲ, ಪ್ರಕಾಶಕರ ಮೇಲೆ ಪೂರ್ತಿಯೂ ಬೀಳಲಿಲ್ಲ. ಎಷ್ಟೋ ಮನೆಗಳು ಸ್ವಲ್ಪ ಸ್ವಲ್ಪ ಹೊತ್ತವು. ಈಗ ವಾಟ್ಸ್ಆ್ಯಪ್‌ನಲ್ಲಿ ನಡೆಯುವ ಪ್ರಕಟಣಪೂರ್ವ ಮಾರಾಟ ಇದರ ಮೊಮ್ಮಗು ಅನ್ನಬಹುದು.

ಹಾಗಾದರೆ ನೀವೇನು ಮಾಡಬೇಕು? ನನಗೆ ಎರಡು ದಾರಿ ಕಾಣುತ್ತವೆ. ಮೊದಲನೆಯದರಲ್ಲಿ ದುಡ್ಡು ಬೇಕಾಗಿಲ್ಲ, ತಾಳ್ಮೆ ಬೇಕು. ಉಳಿದ ಹತ್ತು ಕತೆಗಳನ್ನು ಪತ್ರಿಕೆಗಳಿಗೆ ಕಳಿಸುತ್ತಾ ಹೋಗಿ. ಮಯೂರ, ತುಷಾರ ಇವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಎಷ್ಟು ಜನ ಕತೆಗಾರರನ್ನು ಮೊದಲ ಬಾರಿಗೆ ಓದುಗರ ಮುಂದೆ ನಿಲ್ಲಿಸಿದೆ ಅಂತ ಕನ್ನಡ ಟೀಚರಾದ ನಿಮಗೆ ನಾನು ಹೇಳಬೇಕಿಲ್ಲ. ಛಂದ ಪುಸ್ತಕದವರ ಹಸ್ತಪ್ರತಿ ಬಹುಮಾನ ಇರುವುದು ಇನ್ನೂ ಒಂದೂ ಕಥಾಸಂಕಲನ ತರದ ನಿಮ್ಮಂಥವರಿಗಾಗಿಯೇ. ಗೆದ್ದ ಹಸ್ತಪ್ರತಿಯನ್ನು ಅವರೇ ಪುಸ್ತಕ ಮಾಡುತ್ತಾರೆ. ಗಮನಿಸಿ, ಈಗ ಅವಸರದಲ್ಲಿ ಸಂಕಲನ ತಂದುಬಿಟ್ಟರೆ ಈ ಬಾಗಿಲು ಮುಚ್ಚಿಹೋಗುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಕೂಡ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ಆ ವರ್ಷದ ಪ್ರಕಟಣೆ ಸರಿಯಾಗಿ ಓದಿ.

ಎರಡನೆಯದು, 60,000 ಹೇಗೂ ಖರ್ಚು ಮಾಡಲು ಮನಸ್ಸು ಮಾಡಿದ್ದೀರಿ ಅನ್ನುವುದಾದರೆ, ನೀವೇ ಪ್ರಕಾಶಕರಾಗಿ. ಮನೆಯ ಹೆಸರೋ ಮಗಳ ಹೆಸರೋ ಇಟ್ಟು ಒಂದು ಪ್ರಕಾಶನ ಅಂತ ಮಾಡಿ. 500 ಪ್ರತಿ ಯಾಕೆ? ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಹಂಚಿಹೋಗಬೇಕಾದ್ದರಿಂದ ಕಡಿಮೆ ಪ್ರತಿ ಹಾಕಿದರೆ ಗಿಟ್ಟುವುದಿಲ್ಲ. ಡಿಜಿಟಲ್ ಮುದ್ರಣದಲ್ಲಿ ಆ ತೊಂದರೆ ಇಲ್ಲ. ಪ್ರತಿಗೆ ಬೆಲೆ ಸ್ವಲ್ಪ ಜಾಸ್ತಿ, ಆದರೆ 150 ಪ್ರತಿ ಹಾಕಿಸಿ, ಖಾಲಿಯಾದ ಮೇಲೆ ಮತ್ತೆ 100 ಹಾಕಿಸಬಹುದು. ಮಂಚದ ಕೆಳಗೆ ಕಟ್ಟುಗಳು ಇರುವುದಿಲ್ಲ. ನಿಮ್ಮ ಊರು, ನಿಮ್ಮ ಶಾಲೆ, ಹಳೆಯ ವಿದ್ಯಾರ್ಥಿಗಳು, ಕತೆ ಓದಿ ಕಾಗದ ಬರೆದವರು ಅಂತ ಮೊದಲೇ ಒಂದು ಪಟ್ಟಿ ಮಾಡಿ, 200 ರೂಪಾಯಿ ಪುಸ್ತಕ ಮೊದಲೇ ಕೊಂಡವರಿಗೆ 160 ಅಂತ ಹೇಳಿ ನೋಡಿ. ನೂರು ಜನ ಸಿಕ್ಕರೆ 16,000 ರೂಪಾಯಿ ಅಚ್ಚಿಗೆ ಹೋಗುವ ಮೊದಲೇ ಬಂತು. ಇ-ಪುಸ್ತಕ, ಆಡಿಯೋ ಪುಸ್ತಕಕ್ಕೆ ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ಗಳಿವೆ. ಹಕ್ಕು ನಿಮ್ಮ ಹತ್ತಿರ ಇದ್ದರೆ ಅವರ ಜೊತೆ ನೀವೇ ಮಾತಾಡಬಹುದು.

ಕೆಲಸ ಸುಲಭ ಅಂತ ಮಾತ್ರ ತಿಳಿಯಬೇಡಿ. ನೀವು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ. ಪುಟ ಮಾಡುವವರು ಇನ್ನೂ 'ನುಡಿ' ಅನ್ನುವ ಹಳೆಯ ಫಾಂಟಿನಲ್ಲಿ ಕೆಲಸ ಮಾಡುತ್ತಿದ್ದರೆ, ಅದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಜಾಗ ಬಿಡುತ್ತದೆ, ಒತ್ತಕ್ಷರ ಕಿತ್ತುಹೋಗುತ್ತದೆ. ನೀವು ಮನೆಯಲ್ಲಿ ಹತ್ತು ಸಲ ಓದಿ ತಿದ್ದಿದ ಕತೆಯಲ್ಲಿ ಹೊಸ ತಪ್ಪುಗಳು ಹುಟ್ಟಿಕೊಂಡಿರುತ್ತವೆ. ಅದಕ್ಕೇ ಕೊನೆಯ ಕರಡನ್ನು ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ ಪ್ರಿಂಟ್ ತೆಗೆಸಿಕೊಂಡು ಓದಬೇಕು. ಒಳಪುಟ ಆದ ಮೇಲೆ ಮುಖಪುಟ, ಬೆನ್ನು, ಮಾಹಿತಿ ಪುಟ. ನಾನು ಪ್ರಕಾಶಕನಾಗಿ ತಂದ ಮೊದಲ ಪುಸ್ತಕದಲ್ಲಿ 160 ಪುಟದಲ್ಲೂ ತಪ್ಪಿಲ್ಲದ ಹಾಗೆ ನೋಡಿಕೊಂಡೆ. ಪುಸ್ತಕದ ಬೆನ್ನಿನ ಮೇಲೆ ಲೇಖಕರ ಹೆಸರೇ ತಪ್ಪಾಗಿತ್ತು. ಬಿಡುಗಡೆಯ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂತು ಸ್ಟಿಕ್ಕರ್ ಅಂಟಿಸಿದೆವು. ಅದರಲ್ಲೂ ಎರಡು ಡಜನ್ ತಲೆಕೆಳಗಾಗಿ ಅಂಟಿದವು.

ಪುಸ್ತಕ ಬಂದ ಮೇಲೆ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು ಅಂತ 1954ರ ಕಾಯಿದೆ ಹೇಳುತ್ತದೆ. ಚೆನ್ನೈನ ಕಾನೆಮಾರಾ ಸೇರಿ ಇನ್ನೂ ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಬಹಳ ಜನ ಕಳಿಸುವುದಿಲ್ಲ. ನೀವು ಕಳಿಸಿ. ಮನೆಯ ಪ್ರತಿಗಳೆಲ್ಲ ಗೆದ್ದಲು ಹಿಡಿದರೂ ಅಲ್ಲಿ ಒಂದು ಇರುತ್ತದೆ.

ನಿಮ್ಮ ಪ್ರಕಾಶಕರ ಜೊತೆ ಮಾತು ಪೂರ್ತಿ ಮುರಿಯಬೇಕಿಲ್ಲ. ಒಂದು ಸಲ ಕೇಳಿ ನೋಡಿ: 'ದುಡ್ಡು ನನ್ನದು ಅಂದ ಮೇಲೆ 500 ಪ್ರತಿಯೂ ನನ್ನವು, ಹಕ್ಕೂ ನನ್ನದು. ಪುಟ ಮಾಡಿ ಅಚ್ಚು ಹಾಕಿಸಿಕೊಟ್ಟದ್ದಕ್ಕೆ ನಿಮ್ಮ ಕೂಲಿ ಎಷ್ಟು ಹೇಳಿ, ಕೊಡುತ್ತೇನೆ. ನೀವು ಮಾರಿಕೊಟ್ಟ ಪ್ರತಿಗೆ ಕಮಿಷನ್ ಬೇರೆ.' ಇದಕ್ಕೆ ಅವರು ಒಪ್ಪಿದರೆ ಅದು ಪ್ರಾಮಾಣಿಕ ವ್ಯವಹಾರ, ಮುಂದುವರಿಯಿರಿ. ಅವರಿಗೆ ಈಗಾಗಲೇ ಏನಾದರೂ ಮುಂಗಡ ಕೊಟ್ಟಿದ್ದರೆ ರಸೀದಿ ತೆಗೆದುಕೊಂಡು ಇಟ್ಟುಕೊಳ್ಳಿ. ಸಹಿ ಮಾತ್ರ ಹಾಕಬೇಡಿ.

ಕೊನೆಗೆ, ನೀವು ಕಳಿಸಿದ ಕತೆ. ಇಷ್ಟೆಲ್ಲ ಬರೆದದ್ದೇ ಅದನ್ನು ಓದಿದ್ದಕ್ಕೆ. ಅಡಿಕೆ ಸುಲಿಯಲು ಬಂದ ಹೆಂಗಸರ ರಾತ್ರಿಯನ್ನು ನೀವು ಕೂತು ನೋಡಿದ್ದೀರಿ, ಕೇಳಿದ್ದೀರಿ. ಮೆಟ್ಟುಗತ್ತಿಯ ಸದ್ದು, ಸಿಪ್ಪೆಯ ರಾಶಿಯ ವಾಸನೆ, ಲೆಕ್ಕದ ಡಬ್ಬಿ, ಮಧ್ಯೆ ಮಧ್ಯೆ ಬರುವ ನಗು, ಯಾವುದೂ ಎರವಲು ತಂದದ್ದಲ್ಲ. ಮೊದಲ ಪುಟದ ಮಳೆಯ ವರ್ಣನೆ ಅರ್ಧಕ್ಕೆ ಇಳಿಸಬಹುದು. ಆ ಹುಡುಗಿ ತನ್ನ ಡಬ್ಬಿಯನ್ನು ಒಡತಿಯ ಮುಂದೆ ಸುರಿದು, ಲೆಕ್ಕಕ್ಕೂ ಕಾಯದೆ, ಟಾರ್ಚು ಇಲ್ಲದೆ ಅಂಗಳ ದಾಟಿ ಹೋಗುತ್ತಾಳಲ್ಲ, ಕತೆ ಅಲ್ಲಿಗೆ ಮುಗಿದಿದೆ. ಅದರ ಕೆಳಗೆ ಇನ್ನೂ ಹನ್ನೊಂದು ಸಾಲು ಇವೆ. ಹುಡುಗಿ ಯಾಕೆ ಹಾಗೆ ಮಾಡಿದಳು, ದುಡಿಯುವವರ ಸ್ವಾಭಿಮಾನ ಅಂದರೆ ಏನು ಅಂತ ವಿವರಿಸುತ್ತವೆ. ಆ ಹನ್ನೊಂದು ಸಾಲು ಬರೆದದ್ದು ಕತೆಗಾರ್ತಿ ಅಲ್ಲ, ಹತ್ತನೇ ತರಗತಿಗೆ ಪಾಠ ಮಾಡುವ ಟೀಚರ್. ಅವನ್ನು ತೆಗೆದು ಇನ್ನೊಮ್ಮೆ ಕಳಿಸಿ, ಓದುತ್ತೇನೆ.